ಲೈಬ್ರರಿ ಒಳಗಿರಲಾ, ಹೊರಗಿರಲಾ?

ಪ್ರಶ್ನೆ: ಮೇಡಂ, ಕನ್ನಡ ಪೋಸ್ಟರ್ ಮಾಡಿಕೊಡುವ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದೇನೆ, ಸಿ ಭಾಷೆಯಲ್ಲಿ. ಓಪನ್ ಸೋರ್ಸ್. ಅಕ್ಷರ ಜೋಡಿಸಲು ಹಾರ್ಫ್‌ಬಝ್, ಅಕ್ಷರ ಬಿಡಿಸಲು ಫ್ರೀಟೈಪ್, ವೆಬ್‌ಪಿ ಚಿತ್ರಗಳಿಗೆ ಲಿಬ್‌ವೆಬ್‌ಪಿ ಎಂಬ ಲೈಬ್ರರಿಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ಬಳಸಿದ್ದೇನೆ. ನನ್ನ ಉಬುಂಟು 22.04 ಲಿನಕ್ಸಿನಲ್ಲಿ ಚೆನ್ನಾಗಿ ಓಡುತ್ತದೆ. ಊರಿನ ಶಾಲೆಯ ಲ್ಯಾಬಿನಲ್ಲಿ ಡೆಬಿಯನ್ 11 ಎಂಬ ಇನ್ನೊಂದು ಲಿನಕ್ಸ್ ಇದೆ. ಅಲ್ಲಿಗೆ ಕಾಪಿ ಮಾಡಿದರೆ ಮೊದಲು ಲಿಬ್‌ವೆಬ್‌ಪಿ 7 ಇಲ್ಲ ಎಂದಿತು. ಆ ಫೈಲನ್ನೂ ಕಾಪಿ ಮಾಡಿದೆ. ಈಗ ಸಿಸ್ಟಂನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿ 2.34 ಸಿಗಲಿಲ್ಲ ಎನ್ನುತ್ತದೆ. ಎಲ್ಲವನ್ನೂ ಸ್ಟ್ಯಾಟಿಕ್ ಆಗಿ ಒಳಗೇ ಸೇರಿಸಿ ಒಂದೇ ಫೈಲ್ ಕೊಟ್ಟುಬಿಡಲಾ?
– ಒಬ್ಬ ಓದುಗರು, ಶಿರಸಿ

ಉತ್ತರ: ಬೇಡ. ಶಾಲೆಗೆ ಕೊಡುವ ಪ್ರೋಗ್ರಾಂ ಅಲ್ವಾ, ಖಂಡಿತ ಬೇಡ.

ಮೊದಲು ಜಿಲಿಬ್‌ಸಿ. ಉಬುಂಟು 22.04ರಲ್ಲಿರುವುದು 2.35, ಡೆಬಿಯನ್ 11ರಲ್ಲಿ 2.31. ನಿಮ್ಮ ಪ್ರೋಗ್ರಾಂ ಕನಿಷ್ಠ 2.34 ಕೇಳುತ್ತಿದೆ. ಹಳೆಯದರ ಮೇಲೆ ಬಿಲ್ಡ್ ಮಾಡಿದ್ದು, ಅಂದರೆ ಕೋಡಿನಿಂದ ಓಡುವ ಫೈಲಾಗಿ ಮಾಡಿದ್ದು, ಹೊಸದರಲ್ಲಿ ಓಡುತ್ತದೆ. ಹೊಸದರ ಮೇಲೆ ಮಾಡಿದ್ದು ಹಳೆಯದರಲ್ಲಿ ಓಡಲೇಬೇಕೆಂದಿಲ್ಲ. ನಿಮ್ಮ ಕಂಪ್ಯೂಟರಿನಲ್ಲೇ ಡೆಬಿಯನ್ 11ರ ಕಂಟೇನರ್ (ಪ್ರತ್ಯೇಕವಾಗಿ ಓಡುವ ಡೆಬಿಯನ್ ಪರಿಸರ) ಒಳಗೆ ಬಿಲ್ಡ್ ಮಾಡಿದರೆ ಈ ತೊಂದರೆ ಹೋಯಿತು.

ಲಿಬ್‌ವೆಬ್‌ಪಿಯ ತಕರಾರು ಬೇರೆ. ಅದರ ಹೊಂದಾಣಿಕೆಯ ಸಂಖ್ಯೆ ಡೆಬಿಯನ್ 11ರಲ್ಲಿ 6, ನಿಮ್ಮಲ್ಲಿ 7. ಈ ಸಂಖ್ಯೆ ಏರಿದರೆ, ಹಿಂದಿನದಕ್ಕೆ ಬಿಲ್ಡ್ ಆದ ಪ್ರೋಗ್ರಾಂಗಳು ಇದರ ಜೊತೆ ಓಡುವುದಿಲ್ಲ ಎಂದರ್ಥ. ಹಾಗಾಗಿ ಎರಡೂ ಕಡೆಗೆ ಬೇರೆ ಬೇರೆ ಬಿಲ್ಡ್ ಮಾಡಿ, ಎರಡು ಡೆಬ್ ಪ್ಯಾಕೇಜ್ (ಡೆಬಿಯನ್, ಉಬುಂಟುಗಳಲ್ಲಿ ಇನ್‌ಸ್ಟಾಲ್ ಮಾಡುವ ಫೈಲ್) ಕೊಡಿ. ಯಾವ ಲೈಬ್ರರಿ ಬೇಕು ಎಂಬ ಪಟ್ಟಿಯನ್ನು ಡೆಬಿಯನ್‌ನ ಸಲಕರಣೆಗಳೇ ನೋಡಿ ತುಂಬಿಕೊಳ್ಳುತ್ತವೆ. ಸ್ವಲ್ಪ ಜಾಸ್ತಿ ಕೆಲಸ, ಹೌದು. ಒಮ್ಮೆ ಸ್ಕ್ರಿಪ್ಟ್ ಬರೆದಿಟ್ಟರೆ ಮುಗಿಯಿತು.

ನಾನು ಇಷ್ಟು ಒತ್ತಾಯ ಮಾಡುವುದು ಯಾಕೆ ಹೇಳುತ್ತೇನೆ. ನೀವು ಬಳಸಿರುವ ಲಿಬ್‌ವೆಬ್‌ಪಿಯಲ್ಲೇ 2023ರ ಸೆಪ್ಟೆಂಬರ್‌ನಲ್ಲಿ ಒಂದು ದೊಡ್ಡ ದೋಷ ಬಯಲಾಯಿತು. ಕೆಟ್ಟ ಉದ್ದೇಶದಿಂದ ತಯಾರಿಸಿದ ಒಂದು ಚಿತ್ರ ತೆರೆದರೆ ಸಾಕು, ಮೆಮೊರಿಯ ಗಡಿ ದಾಟಿ ಬರೆಯುತ್ತಿತ್ತು. ಅಷ್ಟರಲ್ಲಾಗಲೇ ಅದನ್ನು ಬಳಸಿ ದಾಳಿಗಳೂ ನಡೆದಿದ್ದವು. 1.3.2 ಆವೃತ್ತಿಯಲ್ಲಿ ಸರಿಪಡಿಸಿದರು. ಡೆಬಿಯನ್, ಉಬುಂಟುಗಳು ತಮ್ಮ ಲಿಬ್‌ವೆಬ್‌ಪಿ ಪ್ಯಾಕೇಜನ್ನು ಸರಿ ಮಾಡಿದವು. ಅದನ್ನು ಹೊರಗಿನಿಂದ ಬಳಸುತ್ತಿದ್ದ ಪ್ರೋಗ್ರಾಂಗಳು ಮತ್ತೆ ಬಿಲ್ಡ್ ಆಗದೆಯೇ ಸರಿಹೋದವು. ಒಳಗೇ ಪ್ರತಿ ಇಟ್ಟುಕೊಂಡಿದ್ದ ಎಲೆಕ್ಟ್ರಾನ್ ಆಪ್‌ಗಳ (ಬ್ರೌಸರನ್ನೇ ಒಳಗಿಟ್ಟುಕೊಂಡು ಓಡುವ ಆಪ್‌ಗಳ) ಕಥೆ ಹಾಗಲ್ಲ. ಒಂದೊಂದೂ ತನ್ನದೇ ಹೊಸ ಆವೃತ್ತಿ ಬಿಡಬೇಕಾಯಿತು. ಬಿಡದಿದ್ದರೆ ಬಳಸುವವರಿಗೆ ಗೊತ್ತೂ ಆಗುವುದಿಲ್ಲ. ನೀವು ಸ್ಟ್ಯಾಟಿಕ್ ಮಾಡಿದರೆ ಈ ಹೊಣೆ ಪೂರ್ತಿ ನಿಮ್ಮದು. ಮುಂದಿನ ದೋಷ ಸಿಕ್ಕಾಗ ನೀವು ಪರೀಕ್ಷೆಯಲ್ಲೋ ಹೊಸ ಕೆಲಸದಲ್ಲೋ ಮುಳುಗಿದ್ದರೆ ಆ ಲ್ಯಾಬಿನ ಮಕ್ಕಳ ಗತಿ ಏನು?

ಹಾರ್ಫ್‌ಬಝ್ ನಮಗೆ ಇನ್ನೂ ಹತ್ತಿರದ್ದು. ಕನ್ನಡದ ಒತ್ತಕ್ಷರ ಎಲ್ಲಿ ಕೂರಬೇಕು, ಅರ್ಕಾವತ್ತು ಎಲ್ಲಿಗೆ ಸರಿಯಬೇಕು ಎಂದು ಫಾಂಟಿನ ನಿಯಮ ಓದಿ ಜೋಡಿಸುವುದು ಅದೇ. ಅದರಲ್ಲಿ ಯಾರೋ ಕನ್ನಡದ ಒಂದು ತಪ್ಪು ತಿದ್ದಿದರು ಎಂದುಕೊಳ್ಳಿ. ಲೈಬ್ರರಿ ಹೊರಗಿದ್ದರೆ, ಆ ತಿದ್ದುಪಡಿ ಡಿಸ್ಟ್ರೋಗೆ (ಉಬುಂಟು, ಡೆಬಿಯನ್‌ನಂಥ ಲಿನಕ್ಸಿಗೆ) ಬಂದ ದಿನ ನಿಮ್ಮ ಪೋಸ್ಟರಿಗೂ ಬರುತ್ತದೆ. ಒಳಗೆ ಮುಚ್ಚಿಟ್ಟರೆ ಹಳೆಯ ತಪ್ಪು ಹಾಗೇ ಅಚ್ಚಾಗುತ್ತಿರುತ್ತದೆ. ನನಗೆ ಇದು ಸಣ್ಣ ವಿಷಯ ಅಲ್ಲ.

ಸ್ಟ್ಯಾಟಿಕ್‌ಗೆ ಜಾಗವೇ ಇಲ್ಲ ಎನ್ನುತ್ತಿಲ್ಲ. ಡೆಬಿಯನ್‌ನಲ್ಲೇ ಬಿಝಿಬಾಕ್ಸ್‌ನ (ಹಲವು ಮೂಲ ಕಮಾಂಡುಗಳು ಒಂದೇ ಫೈಲಿನಲ್ಲಿರುವ ಪ್ರೋಗ್ರಾಂ) ಸ್ಟ್ಯಾಟಿಕ್ ಪ್ಯಾಕೇಜ್ ಇದೆ. ಸಿ ಲೈಬ್ರರಿಯೇ ಹಾಳಾದಾಗಲೂ ಸಿಸ್ಟಂ ರಿಪೇರಿಗೆ ಅದು ಓಡಬೇಕಲ್ಲ. ನಿಮಗೆ ಅಂಥ ಅನಿವಾರ್ಯ ಬಂದರೂ ಜಿಲಿಬ್‌ಸಿಯನ್ನು ಸ್ಟ್ಯಾಟಿಕ್ ಮಾಡಲು ಹೋಗಬೇಡಿ. ಇಂಟರ್ನೆಟ್ ವಿಳಾಸ ಹುಡುಕುವಂಥ ಕೆಲಸಕ್ಕೆ ಅದು ಓಡುವಾಗ ಮತ್ತೆ ಹೊರಗಿನ ಫೈಲುಗಳನ್ನೇ ಕೇಳುತ್ತದೆ, ಅದೂ ಅದೇ ಆವೃತ್ತಿಯವನ್ನು. ಆಲ್ಪೈನ್ ಲಿನಕ್ಸಿನಲ್ಲಿರುವ ಮಸಲ್ ಎಂಬ ಇನ್ನೊಂದು ಸಿ ಲೈಬ್ರರಿ ಆ ಕೆಲಸಕ್ಕೆ ಒಳ್ಳೆಯದು.

ಪ್ರಶ್ನೆ: ಲೈಬ್ರರಿ ಅಪ್‌ಡೇಟ್ ಮಾಡಿದ ಮೇಲೂ ನಮ್ಮ ಸರ್ವರ್‌ನಲ್ಲಿ ಹಳೆಯ ದೋಷ ಉಳಿದಿದೆ ಎನ್ನುತ್ತಾರೆ. ಶೇರ್ಡ್ ಲೈಬ್ರರಿ, ಅಂದರೆ ಹೊರಗಿರುವ ಲೈಬ್ರರಿ, ತಾನೇ ಸರಿಹೋಗಬೇಕಲ್ವಾ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಡಿಸ್ಕಿನ ಮೇಲೆ ಸರಿಹೋಗಿದೆ. ಆದರೆ ಓಡುತ್ತಿರುವ ಪ್ರೋಗ್ರಾಂ ಹಳೆಯ ಪ್ರತಿಯನ್ನೇ ಮೆಮೊರಿಯಲ್ಲಿ ಹಿಡಿದುಕೊಂಡಿರುತ್ತದೆ. ಅದನ್ನು ರೀಸ್ಟಾರ್ಟ್ ಮಾಡುವ ತನಕ ಹೊಸದು ಬಳಕೆಗೆ ಬರುವುದಿಲ್ಲ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಸುರಕ್ಷಿತ ಸಂಪರ್ಕದ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ದೋಷ ಬಂದಾಗಲೂ ಅಪ್‌ಡೇಟ್ ಹಾಕಿದ ಮೇಲೆ ವೆಬ್ ಸರ್ವರನ್ನು ರೀಸ್ಟಾರ್ಟ್ ಮಾಡಲೇಬೇಕಿತ್ತು. ಡೆಬಿಯನ್, ಉಬುಂಟುಗಳಲ್ಲಿ ನೀಡ್‌ರೀಸ್ಟಾರ್ಟ್ ಎಂಬ ಪ್ಯಾಕೇಜ್ ಸಿಗುತ್ತದೆ. ಹಾಕಿಕೊಳ್ಳಿ, ಯಾವ ಸರ್ವಿಸ್ ಇನ್ನೂ ಹಳೆಯದನ್ನು ಹಿಡಿದಿದೆ ಎಂದು ಅದೇ ತೋರಿಸುತ್ತದೆ.