ಸರ್ಪಸುತ್ತಿನ ತಲೆ-ಬಾಲ ಸೇರಿದ್ರೆ ಸಾವಾ? ಕಾಮಾಲೆ ತೊಳೆದ ನೀರು ಹಳದಿ ಆಗೋದು ಹೆಂಗೆ? ಓದುಗರ ಪ್ರಶ್ನೆಗೆ ಡಾಕ್ಟ್ರ ಉತ್ತರ

ಈ ಸಲ ಬಂದ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಇಟ್ಕೊಂಡು ಓದ್ದೆ. ಕೇಳಿರೋರು ತೀರ್ಥಹಳ್ಳಿ, ಹೊಸನಗರ, ಸೊರಬ, ಶಿವಮೊಗ್ಗ ಪೇಟೆ ಅಂತ ಬೇರೆ ಬೇರೆ ಕಡೆಯೋರು, ಆದ್ರೆ ಎಲ್ಲರ ಮಾತಿನ ಒಳಗೂ ಒಂದೇ ವಾದ ಇದೆ: "ನಮ್ಮನೇಲೇ ವಾಸಿ ಆಗಿದ್ದು ಕಣ್ಣಾರೆ ನೋಡಿದೀವಿ ಡಾಕ್ಟ್ರೇ, ಮತ್ತೆ ಸುಳ್ಳು ಅಂತ ಹೆಂಗೆ ಹೇಳ್ತೀರಿ?" ಇದು ನ್ಯಾಯವಾದ ಪ್ರಶ್ನೆ. ಮೂಢನಂಬಿಕೆ ಅಂತ ಬೈದು ಕಳಿಸಿದ್ರೆ ಉತ್ತರ ಕೊಟ್ಟಂಗಾಗಲ್ಲ. ಅದಕ್ಕೇ ಸ್ವಲ್ಪ ಉದ್ದ ಆದ್ರೂ ಪರವಾಗಿಲ್ಲ ಅಂತ ಬಿಡಿಸಿ ಬರೀತಿದೀನಿ.

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ. ಎಡಗಡೆ ಬೆನ್ನಿಂದ ಎದೆ ಕೆಳಗಿನ ತನಕ ಸರ್ಪಸುತ್ತು ಎದ್ದು ನಾಲ್ಕು ದಿನ ಆಯ್ತು, ಇವತ್ತೂ ಹೊಸ ಗುಳ್ಳೆ ಬಂದಿದೆ. ಪಕ್ಕದೂರಲ್ಲಿ ಒಬ್ರು ಕೆಮ್ಮಣ್ಣು ಕಲಸಿ ಹಾವಿನ ಹೆಡೆ ಬರೆದು ಮಂತ್ರ ಹಾಕ್ತಾರೆ, ತಲೆ ಬಾಲ ಸೇರೋದ್ರೊಳಗೆ ಕಟ್ಟು ಹಾಕಿಸ್ದೆ ಇದ್ರೆ ಜೀವ ಹೋಗುತ್ತೆ ಅಂದ್ರು. ಇಂಗ್ಲಿಷ್ ಮದ್ದು ತಗೊಂಡ್ರೆ ಹಾವು ಕೆರಳುತ್ತೆ ಅಂತ ಅತ್ತೆ ಹಟ ಹಿಡಿದಿದಾರೆ. ಎಂತ ಮಾಡೋದು? (ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ಅಮ್ಮಾ, ಮೊದ್ಲು ಮಾಡಬೇಕಾದ್ದು ಹೇಳ್ಬಿಡ್ತೀನಿ, ಕಾರಣ ಆಮೇಲೆ. ಇವತ್ತೇ ಅತ್ತೇನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ. ಇದಕ್ಕೆ ಏಸೈಕ್ಲೋವಿರ್ ಥರದ ಮಾತ್ರೆ ಇದೆ, ಗುಳ್ಳೆ ಎದ್ದ 72 ಗಂಟೆ ಒಳಗೆ ಶುರು ಮಾಡಿದ್ರೆ ತುಂಬಾ ಒಳ್ಳೇದು. ನಿಮ್ಮಲ್ಲಿ ಅಷ್ಟು ಹೊತ್ತು ಕಳೆದಿದೆ ನಿಜ, ಆದ್ರೆ ಹೊಸ ಗುಳ್ಳೆ ಇನ್ನೂ ಬರ್ತಿರೋದ್ರಿಂದ ಮತ್ತೆ ಅವರ ವಯಸ್ಸು ನೋಡಿದ್ರೆ ಈಗ್ಲೂ ಶುರು ಮಾಡಬಹುದು. ಶುಗರ್ರು, ಕಿಡ್ನಿ ತೊಂದರೆ ಏನಾದ್ರೂ ಇದ್ರೆ ಮರೀದೆ ಹೇಳಿ, ಡೋಸ್ ಅದರ ಮೇಲೆ ಹೋಗುತ್ತೆ.

ಈಗ ಹಾವಿನ ವಿಷಯ. ನಿಮ್ಮ ಅತ್ತೆಗೆ ಚಿಕ್ಕೋರಿದ್ದಾಗ ಅಮ್ಮ ಆಗಿತ್ತಾ ಕೇಳಿ, ಚಿಕನ್‌ಪಾಕ್ಸು. ಆ ಗುಳ್ಳೆ ಒಣಗಿ ಉದುರಿದ್ರೂ ವೈರಸ್ ಮೈಬಿಟ್ಟು ಹೋಗಲ್ಲ, ಬೆನ್ನುಮೂಳೆ ಪಕ್ಕದಲ್ಲಿರೋ ನರದ ಗಂಟುಗಳಲ್ಲಿ ಸುಮ್ನೆ ಮಲಗಿಬಿಡುತ್ತೆ, 40 ವರ್ಷ ಆಗ್ಲಿ 60 ವರ್ಷ ಆಗ್ಲಿ. ವಯಸ್ಸಾಗಿ ಮೈಯ ಶಕ್ತಿ ಕಡಿಮೆ ಆದಾಗ ಒಂದು ಗಂಟಿನಲ್ಲಿ ಎದ್ದು ಆ ನರ ಹಿಡ್ಕೊಂಡೇ ಚರ್ಮಕ್ಕೆ ಬರುತ್ತೆ. ಒಂದೊಂದು ನರವೂ ಬೆನ್ನಿಂದ ಹೊರಟು ಪಕ್ಕೆ ಸುತ್ಕೊಂಡು ಎದೆ ಮಧ್ಯಕ್ಕೆ ಬಂದು ನಿಲ್ಲುತ್ತೆ, ಎಡಗಡೆದು ಎಡಕ್ಕೆ, ಬಲಗಡೆದು ಬಲಕ್ಕೆ. ಅದಕ್ಕೇ ಗುಳ್ಳೆಗಳ ಸಾಲು ಹಾವು ಸುತ್ಕೊಂಡಂಗೆ ಕಾಣೋದು, ಅದಕ್ಕೇ ಮೈಯ ನಡುಗೆರೆಗೆ ಬಂದು ನಿಲ್ಲೋದು. ಗ್ರೀಕರಿಗೆ ಇದು ಸೊಂಟದ ಪಟ್ಟಿ ಥರ ಕಂಡಿತ್ತು, ಜೋಸ್ಟರ್ ಅನ್ನೋ ಹೆಸರು ಅಲ್ಲಿಂದ ಬಂದಿದ್ದು. ಕಾಡಲ್ಲಿ ಬದುಕೋ ನಮ್ಮೋರಿಗೆ ಹಾವು ಕಂಡ್ತು, ಅದ್ರಲ್ಲಿ ತಪ್ಪೇನಿಲ್ಲ. ಆದ್ರೆ ತಲೆ ಬಾಲ ಸೇರಬೇಕು ಅಂದ್ರೆ ಎಡದ ನರ ಬಲದ ನರ ಎರಡರಲ್ಲೂ ಒಂದೇ ಸಲ ವೈರಸ್ ಏಳಬೇಕು. ರೋಗನಿರೋಧಕ ಶಕ್ತಿ ತೀರಾ ಕುಸಿದೋರಲ್ಲಿ ಅಪರೂಪಕ್ಕೆ ಎರಡೂ ಕಡೆ ಬರುತ್ತೆ, ಅಂಥೋರಿಗೆ ಅಪಾಯ ಇದ್ರೆ ಅದು ಅವರ ಮೂಲ ಕಾಯಿಲೆಯಿಂದ, ತಲೆ ಬಾಲ ಸೇರಿದ್ದಕ್ಕಲ್ಲ.

ಮತ್ತೆ ಕೆಮ್ಮಣ್ಣಿಂದ ವಾಸಿ ಆಗಿದ್ದು? ಗುಳ್ಳೆ ಏಳೆಂಟು ಹತ್ತು ದಿನಕ್ಕೆ ಒಣಗಿ ಹಕ್ಕಳೆ ಕಟ್ಟುತ್ತೆ, ಎರಡರಿಂದ ನಾಲ್ಕು ವಾರಕ್ಕೆ ಮಾಯುತ್ತೆ, ಮಣ್ಣು ಹಚ್ಚಿದ್ರೂ ಹಚ್ಚದಿದ್ರೂ. ಆರಿದ್ರಾ ಮಳೆ ಎಷ್ಟೇ ಹೊಡೆದ್ರೂ ಒಂದಿನ ಹೊಳವಾಗುತ್ತಲ್ಲ, ಅದರ ಹಿಂದಿನ ದಿನ ಪೂಜೆ ಮಾಡಿಸಿದೋರಿಗೆ ತಾವೇ ಮಳೆ ನಿಲ್ಲಿಸಿದ್ದು ಅನ್ಸಲ್ವಾ, ಹಂಗೇ ಇದು. ಮಂತ್ರ ಹಾಕೋರು ಮೋಸಗಾರರು ಅಂತ ನಾನು ಹೇಳ್ತಿಲ್ಲ, ಅವರಲ್ಲಿ ಸುಮಾರು ಜನ ದುಡ್ಡೂ ಮುಟ್ಟಲ್ಲ, ಮನಸ್ಸಿಂದ ನಂಬಿ ಮಾಡ್ತಾರೆ. ತೊಂದರೆ ಇರೋದು ಆಮೇಲೆ ಬರೋ ನೋವಲ್ಲಿ. ವಯಸ್ಸಾದೋರಿಗೆ ಗುಳ್ಳೆ ಹೋದಮೇಲೂ ಆ ಜಾಗ ತಿಂಗಳುಗಟ್ಟಲೆ ಉರೀತಾ ಇರುತ್ತೆ, ರವಿಕೆ ತಾಗಿದ್ರೂ ಕಣ್ಣಲ್ಲಿ ನೀರು ಬರುತ್ತೆ, ರಾತ್ರಿ ಪೂರ್ತಿ ಜಗಲಿ ಮೇಲೆ ಕೂತು ಕಳೆದ ಅಜ್ಜಿಯಂದ್ರನ್ನ ನಾನು ನೋಡಿದೀನಿ. ಆ ನೋವಿಗೂ ಬೇರೆ ಮಾತ್ರೆ ಇದೆ, "ಇನ್ನು ಹಿಂಗೇ" ಅಂತ ಸಹಿಸ್ಕೊಂಡು ಕೂರಬಾರದು. ಇನ್ನೊಂದು, ಗುಳ್ಳೆ ಹಣೆ ಮೇಲೆ, ಅದ್ರಲ್ಲೂ ಮೂಗಿನ ತುದೀಲಿ ಎದ್ದಿದ್ರೆ ಕಣ್ಣಿಗೆ ಹೋಗೋ ಸಾಧ್ಯತೆ ಜಾಸ್ತಿ, ಆಗ ಒಂದು ದಿನವೂ ಕಾಯಬಾರದು.

ಅತ್ತೆ ಮನಸ್ಸಿಗೆ ಸಮಾಧಾನ ಆಗೋದಾದ್ರೆ ದೇವರಿಗೆ ಕಾಯಿ ಒಡೆಸಿ, ಅದಕ್ಕೆ ನನ್ನ ತಕರಾರಿಲ್ಲ. ಒಡೆದ ಗುಳ್ಳೆ ಮೇಲೆ ಮಣ್ಣು ಮಾತ್ರ ಬೇಡ, ಕೀವಾಗುತ್ತೆ. ಮನೇಲಿ ಬಸುರಿ ಹೆಂಗಸರಿದ್ದು ಅವರಿಗೆ ಹಿಂದೆ ಚಿಕನ್‌ಪಾಕ್ಸ್ ಆಗಿಲ್ಲ ಅಂದ್ರೆ ಗುಳ್ಳೆ ಒಣಗೋ ತನಕ ಹತ್ರ ಹೋಗೋದು ಬೇಡ. ಸರ್ಪಸುತ್ತು ಅಂಟಲ್ಲ, ಆದ್ರೆ ಆ ಗುಳ್ಳೆ ನೀರಿಂದ ಚಿಕನ್‌ಪಾಕ್ಸ್ ಅಂಟುತ್ತೆ. ನಾಗದೋಷಕ್ಕೂ ಇದಕ್ಕೂ ಸಂಬಂಧ ಇಲ್ಲ, ನೀವು ಸೊಸೆಯಾಗಿ ಬಂದಮೇಲೆ ಶುರುವಾಯ್ತು ಅಂತ ಯಾರಾದ್ರೂ ಅಂದಿದ್ರೆ ಅದನ್ನ ಮನಸ್ಸಿಗೆ ಹಚ್ಕೋಬೇಡಿ.

ಪ್ರಶ್ನೆ: ತಮ್ಮನಿಗೆ ಕಾಮಾಲೆ. ಮದ್ದು ಕೊಡೋರು ಅವನ ಕೈ ಮೇಲೆ ಏನೋ ರಸ ಹಚ್ಚಿ ಸುಣ್ಣದ ನೀರಲ್ಲಿ ತೊಳೆದ್ರು, ನೀರು ಪೂರ್ತಿ ಹಳದಿ ಆಯ್ತು ಸರ್, ನಾನೇ ನೋಡಿದ್ದು. ಮೂರು ವಾರ ಪಥ್ಯ ಹೇಳಿದಾರೆ, ಉಪ್ಪಿಲ್ಲ, ಎಣ್ಣೆ ಇಲ್ಲ. ಇದು ಸುಳ್ಳಾದ್ರೆ ಹಳದಿ ಎಲ್ಲಿಂದ ಬಂತು? (ಹೊಸನಗರ ತಾಲೂಕಿನ ಓದುಗರು)

ಉತ್ತರ: ಹಳದಿ ಬಂದಿದ್ದು ರಸದಿಂದ, ತಮ್ಮನ ಮೈಯಿಂದ ಅಲ್ಲ. ಆರತಿಗೆ ಓಕುಳಿ ಮಾಡ್ತೀರಲ್ಲ, ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದ ತಕ್ಷಣ ಕೆಂಪಾಗುತ್ತೆ, ಅಲ್ಲಿ ಯಾರ ಮೈಯ ರಕ್ತವೂ ಇಳಿದಿರಲ್ಲ. ಸುಣ್ಣ ಕ್ಷಾರ, ಗಿಡಮರದ ಎಷ್ಟೋ ಬಣ್ಣಗಳು ಕ್ಷಾರ ತಾಗಿದ ಕೂಡ್ಲೆ ಬದಲಾಗ್ತವೆ. ಮಾವಿನ ಚಕ್ಕೆ ರಸ ಸುಣ್ಣದ ನೀರಿಗೆ ಸೇರಿದ್ರೆ ಹಳದಿ ಆಗುತ್ತೆ, ಕಾಮಾಲೆ ಇಲ್ಲದ ನಿಮ್ಮ ಕೈಗೆ ಹಚ್ಚಿ ತೊಳೆಸಿದ್ರೂ ಅಷ್ಟೇ ಹಳದಿ.

ಇದಕ್ಕಿಂತ ಮುಖ್ಯವಾದ್ದು, ಕಾಮಾಲೆ ಅನ್ನೋದು ಒಂದು ಕಾಯಿಲೆ ಅಲ್ಲ, ಲಕ್ಷಣ. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕಿ ಒಡೆಯುತ್ತೆ, ಅದರಿಂದ ಬರೋ ಹಳದಿ ವಸ್ತು ಬಿಲಿರುಬಿನ್, ಅದನ್ನ ಲಿವರ್ ಹಿಡಿದು ಪಿತ್ತದ ಜೊತೆ ಕರುಳಿಗೆ ತಳ್ಳುತ್ತೆ. ಈ ದಾರೀಲಿ ಎಲ್ಲೇ ಅಡ್ಡಿಯಾದ್ರೂ ಕಣ್ಣು ಹಳದಿ ಆಗುತ್ತೆ. ಕೆಟ್ಟ ನೀರಿಂದ ಬರೋ ಹೆಪಟೈಟಿಸ್ ಎ ಇರಬಹುದು, ಚಿಕ್ಕ ವಯಸ್ಸಿನೋರಲ್ಲಿ ಅದು ಬಹುಪಾಲು ಒಂದೆರಡು ತಿಂಗಳೊಳಗೆ ತಾನೇ ವಾಸಿ ಆಗುತ್ತೆ. ನಾಟಿ ಮದ್ದಿಗೆ ಹೆಸರು ಬಂದಿರೋದು ಬಹಳಮಟ್ಟಿಗೆ ಇದರಿಂದ್ಲೇ. ಆದ್ರೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಾಕೊಂಡಿದ್ರೂ ಕಾಮಾಲೆ, ಗಡ್ಡೆ ಇದ್ರೂ ಕಾಮಾಲೆ, ಹೆಪಟೈಟಿಸ್ ಬಿ ಆದ್ರೂ ಕಾಮಾಲೆ, ನಮ್ಮ ಗದ್ದೆ ನಾಟಿ ಟೈಮಲ್ಲಿ ಬರೋ ಇಲಿ ಜ್ವರ ಆದ್ರೂ ಕಾಮಾಲೆ.

ಇಲಿ ಜ್ವರದ ಬಗ್ಗೆ ಹೇಳ್ಲೇಬೇಕು. ಇಲಿ ಉಚ್ಚೆ ಸೇರಿದ ಕೆಸರಲ್ಲಿ ಬರಿಗಾಲಲ್ಲಿ ನಿಂತು ಕೆಲಸ ಮಾಡುವಾಗ ಕಾಲಿನ ಗಾಯ, ಬಿರುಕಿಂದ ರೋಗಾಣು ಒಳಗೆ ಹೋಗುತ್ತೆ. ಜ್ವರ, ಮೀನಖಂಡ ಹಿಡಿದು ಹಿಂಡಿದಂಥ ನೋವು, ಕಣ್ಣು ಕೆಂಪು, ಆಮೇಲೆ ಹಳದಿ. ಬೇಗ ಬಂದ್ರೆ ಸಾಮಾನ್ಯ ಆಂಟಿಬಯೋಟಿಕ್‌ಗೆ ಬಗ್ಗೋ ಕಾಯಿಲೆ ಇದು. ಕೆಲವು ವರ್ಷದ ಹಿಂದೆ ನಾಟಿಗೆ ಹೋಗಿದ್ದ ಒಬ್ರನ್ನ ಮಣಿಕಟ್ಟಿಗೆ ಬರೆ ಹಾಕಿಸಿ ಪಥ್ಯ ಮಾಡಿಸಿ ಒಂಬತ್ತನೇ ದಿನ ನನ್ನ ಹತ್ರ ಕರ್ಕೊಂಡು ಬಂದ್ರು, ಅಷ್ಟೊತ್ತಿಗೆ ಉಚ್ಚೆ ನಿಂತು ಎರಡು ದಿನ ಆಗಿತ್ತು, ದೊಡ್ಡಾಸ್ಪತ್ರೆಗೆ ಕಳಿಸಿದ್ವಿ, ಉಳೀಲಿಲ್ಲ. ಆ ಮನೆಯೋರು ಅಸಡ್ಡೆ ಮಾಡಿದೋರಲ್ಲ, ದಿನಾ ಬೆಳಗ್ಗೆ ಎದ್ದು ಮದ್ದಿನ ಸೊಪ್ಪು ಅರೆದು ಕುಡಿಸಿದೋರು. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ ನಂಗೆ.

ಹಂಗಾಗಿ ತಮ್ಮನ ರಕ್ತ ಪರೀಕ್ಷೆ ಮಾಡ್ಸಿ. ಉಪ್ಪು ಎಣ್ಣೆ ಪೂರ್ತಿ ಬಿಡೋದು ಬೇಡ, ಸೇರಿದಷ್ಟು ಊಟ ಮಾಡ್ಲಿ, ಲಿವರ್ ಸುಧಾರಿಸ್ಕೊಳ್ಳೋಕೆ ಅನ್ನ ಬೇಕು. ಸಾರಾಯಿ ಮಾತ್ರ ಮುಟ್ಟೋ ಹಂಗಿಲ್ಲ, ಏನಿದೆ ಅಂತ ಗೊತ್ತಿಲ್ಲದ ಸೊಪ್ಪಿನ ರಸವೂ ಬೇಡ, ಅದನ್ನೂ ಅರಗಿಸಬೇಕಾದ್ದು ಅದೇ ನೊಂದ ಲಿವರ್ರು. ಮಾತು ತಡವರಿಸೋದು, ಹಗಲೆಲ್ಲ ಮಂಪರು, ವಸಡಲ್ಲಿ ರಕ್ತ, ಮಲ ಬೆಳ್ಳಗೆ ಹೋಗೋದು, ಇದ್ರಲ್ಲಿ ಒಂದು ಕಂಡ್ರೂ ಅವತ್ತೇ ಆಸ್ಪತ್ರೆ. ಬಸುರಿಯರಿಗೆ ಕಾಮಾಲೆ ಆದ್ರೆ ಏನೂ ಕಾಣದಿದ್ರೂ ಅವತ್ತೇ ಆಸ್ಪತ್ರೆ.

ಶಿವಮೊಗ್ಗದ ಇನ್ನೊಬ್ರು ಕೇಳಿದಾರೆ, ಎಕ್ಸಿಬಿಷನ್ ಸ್ಟಾಲಲ್ಲಿ ಉಪ್ಪುನೀರಿನ ಮಿಷಿನ್ ಒಳಗೆ ಕಾಲಿಟ್ರೆ ಅರ್ಧ ಗಂಟೇಲಿ ನೀರು ಕಂದು ಬಣ್ಣ ಆಯ್ತು, ಅದು ಮೈಯ ವಿಷವಾ ಅಂತ. ಸುಣ್ಣದ ನೀರಿನ ಆಟವೇ ಇದು, ಕರೆಂಟ್ ಸೇರಿದೆ ಅಷ್ಟೇ. ಉಪ್ಪುನೀರಲ್ಲಿ ಕಬ್ಬಿಣದ ತಗಡಿಗೆ ಕರೆಂಟ್ ಕೊಟ್ರೆ ತುಕ್ಕು ಬಿಡುತ್ತೆ. ಕಾಲು ಇಡದೇ ಮಿಷಿನ್ ಓಡಿಸಿ ತೋರಿಸಿ ಅಂತ ಕೇಳಿ, ಆಗ್ಲೂ ಕಂದಾಗುತ್ತೆ. ನಿಮ್ಮ ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ಸೋಸಿ ಅದ್ರಲ್ಲಿ ಒಂದೂವರೆ ಲೀಟರಿನಷ್ಟು ಹೊರಗೆ ಹಾಕುತ್ತೆ, ಅಂಗಾಲಿಗೆ ಆ ಕೆಲಸ ಯಾರೂ ಕೊಟ್ಟಿಲ್ಲ.

ಪ್ರಶ್ನೆ: ಇಂಬಳ (ಜಿಗಣೆ) ಕೆಟ್ಟ ರಕ್ತ ಮಾತ್ರ ಹೀರುತ್ತೆ, ಕಚ್ಚಿಸ್ಕೊಂಡ್ರೆ ಒಳ್ಳೇದು ಅಂತ ನಮ್ಮಜ್ಜ ಹೇಳ್ತಾರೆ. ಹೌದನಾ?

ಉತ್ತರ: ಮೈಯಲ್ಲಿ ಒಳ್ಳೆ ರಕ್ತದ ಹಂಡೆ ಕೆಟ್ಟ ರಕ್ತದ ಹಂಡೆ ಅಂತ ಬೇರೆ ಬೇರೆ ಇಲ್ಲ. ಇರೋ ಐದು ಲೀಟರ್ ರಕ್ತ ಸುಮಾರು ಒಂದು ನಿಮಿಷಕ್ಕೆ ಒಂದು ಸುತ್ತು ಬರ್ತಾನೇ ಇರುತ್ತೆ, ಹಾರ್ವೆ ಅನ್ನೋ ಇಂಗ್ಲೆಂಡಿನ ವೈದ್ಯರು 1628ರಲ್ಲೇ ಇದನ್ನ ತೋರಿಸಿಕೊಟ್ಟಿದಾರೆ. ತೋಟದಲ್ಲಿ ನಿಮ್ಮ ಕಾಲಿಗೆ ಹತ್ತಿದ ಇಂಬಳಕ್ಕೆ ಸಿಗೋದು ಆ ಗಳಿಗೇಲಿ ಅಲ್ಲಿ ಓಡ್ತಿರೋ ರಕ್ತ, ಆರಿಸ್ಕೊಂಡು ಕುಡಿಯೋಕೆ ಅದಕ್ಕೆ ದಾರಿ ಇಲ್ಲ. ಬಿಟ್ಟಮೇಲೂ ರಕ್ತ ನಿಲ್ಲದೇ ಇರೋದಕ್ಕೆ ಕಾರಣ ಅದರ ಜೊಲ್ಲಲ್ಲಿರೋ, ಹೆಪ್ಪುಗಟ್ಟೋದನ್ನ ತಡೆಯೋ ವಸ್ತು. ಅಜ್ಜನ ಮಾತಲ್ಲಿ ಒಂದೆಳೆ ಸತ್ಯ ಇದೆ ಅಂತಾನೂ ಹೇಳ್ಬೇಕು: ತುಂಡಾದ ಬೆರಳು ಹೊಲಿದು ಜೋಡಿಸಿದಾಗ ಅಲ್ಲಿ ರಕ್ತ ಕಟ್ಟಿಕೊಂಡ್ರೆ ಸರ್ಜನ್ನುಗಳು ಈಗ್ಲೂ ಇದಕ್ಕೇ ಅಂತ ಸಾಕಿದ ಜಿಗಣೆ ಬಿಡ್ತಾರೆ. ಅದು ಆಪರೇಷನ್ ಥಿಯೇಟರಿನ ವಿಷಯ, ತೋಟದ ಇಂಬಳದ್ದಲ್ಲ. ಕಚ್ಚಿದ್ರೆ ಉಪ್ಪು ಹಾಕಿ ಬಿಡಿಸಿ, ಸೋಪಲ್ಲಿ ತೊಳೆದು ಗಟ್ಟಿಯಾಗಿ ಒತ್ತಿ ಹಿಡೀರಿ. ಹೆದರೋದೂ ಬೇಡ, ಬೇಕು ಅಂತ ಕಚ್ಚಿಸ್ಕೊಳ್ಳೋದೂ ಬೇಡ.

ಪ್ರಶ್ನೆ: ನಮ್ಮೂರಲ್ಲಿ ವಿಷಕಲ್ಲು ಇಟ್ಟು ಹಾವಿನ ವಿಷ ತೆಗೀತಾರೆ. ಕಲ್ಲು ತಾನೇ ಅಂಟ್ಕೊಂಡು ವಿಷ ಖಾಲಿ ಆದಮೇಲೆ ತಾನೇ ಬೀಳುತ್ತೆ. ಹತ್ತಾರು ಜನ ಬದುಕಿದಾರೆ.

ಉತ್ತರ: ಬದುಕಿದಾರೆ, ನಂಬ್ತೀನಿ. ಕಚ್ಚೋ ಹಾವುಗಳಲ್ಲಿ ಹೆಚ್ಚಿನವು ವಿಷ ಇಲ್ಲದವು, ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೇ ಕಚ್ಚುತ್ತೆ. ಆ ಜನ ಕಲ್ಲಿಟ್ರೂ ಬದುಕ್ತಿದ್ರು, ವೀಳ್ಯದೆಲೆ ಇಟ್ರೂ ಬದುಕ್ತಿದ್ರು. ಕಲ್ಲು ಅಂದ್ರೆ ಹೆಚ್ಚಾಗಿ ಸುಟ್ಟ ಮೂಳೆ ಮಾರಾಯ್ರೆ, ಸಣ್ಣ ಸಣ್ಣ ತೂತಿರುತ್ತೆ, ಒದ್ದೆ ಗಾಯಕ್ಕೆ ಅಂಟುತ್ತೆ, ತೂತೆಲ್ಲ ತುಂಬಿದಮೇಲೆ ಬೀಳುತ್ತೆ. ವಿಷ ಹಲ್ಲಿನ ತುದಿಯಿಂದ ಚರ್ಮದ ಅಡಿಗೆ ಹೋಗಿ ಆಗ್ಲೇ ಹರಡೋಕೆ ಶುರು ಮಾಡಿರುತ್ತೆ, ಮೇಲಿಟ್ಟ ಕಲ್ಲಿಗೆ ಅದು ಸಿಗಲ್ಲ.

ನಿಜವಾಗ್ಲೂ ವಿಷ ಹೋಗಿದ್ರೆ ಬೇಕಾದ್ದು ಆಂಟಿವೆನಮ್. ನಮ್ಮ ದೇಶದಲ್ಲಿ ಸಿಗೋದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ, ಕುದುರೆಗೆ ವಿಷ ಸ್ವಲ್ಪ ಸ್ವಲ್ಪವೇ ಚುಚ್ಚಿ ಅದರ ರಕ್ತದಿಂದ ತಯಾರು ಮಾಡಿದ್ದು. ಕಾಳಿಂಗಕ್ಕೂ, ಕಾಫಿ ಗಿಡ ಏಲಕ್ಕಿ ಬುಡದಲ್ಲಿ ಕೂರೋ ಸಣ್ಣ ಮಂಡಲಗಳಿಗೂ ಅದು ಸರಿಯಾದ ಮದ್ದಲ್ಲ, ಅಲ್ಲಿ ಉಸಿರು, ಕಿಡ್ನಿ, ರಕ್ತ ನೋಡ್ಕೊಳ್ಳೋ ಆಸ್ಪತ್ರೆಯೇ ಮದ್ದು. ಕೊಳಕುಮಂಡಲದ ವಿಷ ಏರಿದೆಯಾ ಅಂತ ನೋಡೋಕೆ ನಾವು ಎರಡು ಎಂಎಲ್ ರಕ್ತ ಒಣಗಿದ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು ಬಗ್ಗಿಸ್ತೀವಿ, ನೀರಿನಂಗೆ ಹರಿದ್ರೆ ರಕ್ತ ಹೆಪ್ಪುಗಟ್ಟೋ ಶಕ್ತಿ ಕಳ್ಕೊಂಡಿದೆ ಅಂತ. ಮಂತ್ರ ಹಾಕಿಸ್ಕೊಂಡು ಆರಾಮಾಗಿ ನಡ್ಕೊಂಡು ಬಂದೋರ ರಕ್ತವೂ ಹಂಗೆ ಹರಿದಿದ್ದು ನೋಡಿದೀನಿ. ಕಟ್ಟುಹಾವು ಕಚ್ಚಿದ್ರೆ ನೋವೂ ಇರಲ್ಲ ಊತವೂ ಇರಲ್ಲ, ರಾತ್ರಿ ಮಲಗಿದೋರು ಬೆಳಗ್ಗೆ ರೆಪ್ಪೆ ಎತ್ತಕ್ಕಾಗದೆ ಏಳ್ತಾರೆ. ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಹಗ್ಗ ಬಿಗಿಬೇಡಿ. ಉಂಗುರ, ಕಾಲ್ಗೆಜ್ಜೆ ಬಿಚ್ಚಿ, ಕೈಕಾಲು ಅಲ್ಲಾಡದಂಗೆ ಹಲಗೆ ಕಟ್ಟಿ ಕರ್ಕೊಂಡು ಬನ್ನಿ. ಕಲ್ಲು ಇಡೋರಿಗೂ ಕೈ ಮುಗಿದು ಕೇಳ್ತೀನಿ, ನಿಮ್ಮ ಮಾತು ಊರು ಕೇಳುತ್ತೆ, "ಮೊದ್ಲು ಆಸ್ಪತ್ರೆ" ಅಂತ ನೀವು ಹೇಳಿದ್ರೆ ನಾನು ಹೇಳಿದ್ದಕ್ಕಿಂತ ಬೇಗ ಜೀವ ಉಳಿಯುತ್ತೆ.

ಪ್ರಶ್ನೆ: ನಮ್ಮ ಚಿಕ್ಕಮ್ಮನಿಗೆ ಮಂಗನ ಕಾಯಿಲೆ ಆಗಿ ಮನೆಗೆ ಬಂದಿದಾರೆ. ಉಸಿರಿಂದ ಅಂಟುತ್ತೆ ಅಂತ ಊರೋರು ಆ ಕಡೆ ಹೋಗ್ತಿಲ್ಲ. ನಾನು ಹೋಗಬಹುದಾ? (ಸೊರಬದ ಓದುಗರು)

ಉತ್ತರ: ಹೋಗಬಹುದು. 1957ರಲ್ಲಿ ನಿಮ್ಮ ತಾಲೂಕಿನ ಕ್ಯಾಸನೂರು ಕಾಡಲ್ಲೇ ಗುರುತಾದ ಕಾಯಿಲೆ ಇದು. ಮನುಷ್ಯರಿಗೆ ಬರೋದು ಕಾಡಿನ ಉಣುಗು ಕಚ್ಚಿ, ಅಥವಾ ಕಾಯಿಲೆ ಬಿದ್ದ, ಸತ್ತ ಮಂಗನ್ನ ಮುಟ್ಟಿ. ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ. ಎಚ್ಚರ ಬೇಕಾದ್ದು ಚಿಕ್ಕಮ್ಮನ ಮನೇಲಿ ಅಲ್ಲ, ತರಗೆಲೆ ಗುಡಿಸೋಕೆ ಹೋಗೋ ಬೆಟ್ಟದಲ್ಲಿ, ಅದೂ ಡಿಸೆಂಬರಿಂದ ಮೇ ತನಕ. ಮೈತುಂಬ ಬಟ್ಟೆ, ಉಣುಗು ಹತ್ತದಂಗೆ ಮೈಗೆ ಹಚ್ಕೊಳ್ಳೋಕೆ ಆರೋಗ್ಯ ಇಲಾಖೆ ಕೊಡೋ ಡೀಪಾ ಎಣ್ಣೆ, ವಾಪಸ್ ಬಂದ ಕೂಡ್ಲೆ ಬಿಸಿನೀರಿನ ಸ್ನಾನ. ಮಂಗ, ಮುಸಿಯ ಸತ್ತು ಬಿದ್ದಿದ್ರೆ ಹತ್ರ ಹೋಗದೆ ಆಶಾ ಕಾರ್ಯಕರ್ತೆಗೆ ಹೇಳಿ, ಸತ್ತ ಮೈಯಿಂದ ಉಣುಗು ಇಳಿದು ಸುತ್ತ ಹರಡಿರುತ್ತೆ. ಚಿಕ್ಕಮ್ಮನಿಗೆ ಒಂದೆರಡು ವಾರ ಬಿಟ್ಟು ಮತ್ತೆ ಜ್ವರ, ತಲೆನೋವು ತಿರುಗಿ ಬಂದ್ರೆ ವಾಪಸ್ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು, ಕೆಲವರಿಗೆ ಹಂಗಾಗುತ್ತೆ. ನೋವಿಗೆ ಅಂತ ಆಸ್ಪಿರಿನ್ ಥರದ್ದು ಅಂಗಡಿಯಿಂದ ತಂದು ಕೊಡಬೇಡಿ, ರಕ್ತಸ್ರಾವ ಆಗಬಹುದು. ವಾರಗಟ್ಟಲೆ ಸುಸ್ತಿರುತ್ತೆ ಅವರಿಗೆ, ಒಲೆ ಹಚ್ಚೋಕೂ ಆಗ್ತಿರಲಿಕ್ಕಿಲ್ಲ. ಬಿಸಿ ಗಂಜಿ, ಒಂದು ಉಪ್ಪಿನಕಾಯಿ ತಗೊಂಡು ಇವತ್ತೇ ಹೋಗಿ, ಪಕ್ಕದಲ್ಲಿ ಕೂತು ಊಟ ಮಾಡ್ಸಿ ಬನ್ನಿ.