ಸಂಪಾದಕರ ಉತ್ತರ: ಜಪಾನಿನಲ್ಲಿ ಮಾತ್ರೆಗೆ ಅಡ್ಡ ನಿಂತವರು

ಹಾವೇರಿಯ ಓದುಗರೊಬ್ಬರು ಬರೆದಿದ್ದಾರೆ: ‘ಜಪಾನಿನಲ್ಲಿ ಗರ್ಭನಿರೋಧಕ ಮಾತ್ರೆಗೆ 1999ರವರೆಗೆ ಒಪ್ಪಿಗೆಯೇ ಇರಲಿಲ್ಲವಂತೆ. ಅಷ್ಟು ಮುಂದುವರಿದ ದೇಶದಲ್ಲಿ ಹೀಗೇಕೆ? ಧರ್ಮದ ಅಡ್ಡಿಯೇ? ಈಗ ಅಲ್ಲಿ ಮಕ್ಕಳು ಕಡಿಮೆಯಾಗಿರುವುದು ಆ ಮಾತ್ರೆಯಿಂದಲೇ?’

ನೀವು ಓದಿದ್ದು ನಿಜ. ಆದರೆ ಧರ್ಮವನ್ನು ಸುಮ್ನೆ ಎಳೆದು ತರಬೇಡಿ. ಗರ್ಭಪಾತಕ್ಕೆ ಅಲ್ಲಿ 1948ರಲ್ಲೇ ಕಾನೂನು ಬಂತು. ಮರುವರ್ಷ ಬಡತನವೂ ಒಪ್ಪುವ ಕಾರಣವಾಯಿತು. 1955ರಲ್ಲಿ ದಾಖಲಾದ ಗರ್ಭಪಾತಗಳೇ 11 ಲಕ್ಷಕ್ಕಿಂತ ಜಾಸ್ತಿ. ಇದನ್ನು ಒಪ್ಪಿದವರಿಗೆ ಮಾತ್ರೆ ಪಾಪವಾಗಿ ಕಂಡಿತೇ?

ಮಾತ್ರೆಯನ್ನು ತಡೆದದ್ದು ಆರೋಗ್ಯ ಇಲಾಖೆ. ನೆಪಗಳು ಮಾತ್ರ ಬದಲಾಗುತ್ತಾ ಹೋದವು. ಅಡ್ಡಪರಿಣಾಮ ಅಂದರು, ಹೆಂಗಸರ ನಡತೆ ಕೆಡುತ್ತದೆ ಅಂದರು. 1992ರ ಹೊತ್ತಿಗೆ, ಕಾಂಡೋಮ್ ಬಿಟ್ಟರೆ ಏಡ್ಸ್ ಹರಡುತ್ತದೆ ಅಂದರು. ಕೊನೆಗೆ, ಮಾತ್ರೆಯ ಹಾರ್ಮೋನು ಮೂತ್ರದ ಮೂಲಕ ನದಿ ಸೇರುತ್ತದೆ ಎಂಬ ಚಿಂತೆಯೂ ಹುಟ್ಟಿತು! ಇಷ್ಟೆಲ್ಲ ಆಗುವಾಗ ಮುಟ್ಟಿನ ತೊಂದರೆಗೆಂದು ಹೆಚ್ಚು ಹಾರ್ಮೋನಿನ ಮಾತ್ರೆ ಆಸ್ಪತ್ರೆಗಳಲ್ಲಿ ಸಿಗುತ್ತಲೇ ಇತ್ತು. ಗರ್ಭ ತಡೆಯಲು ಬೇಕಾದವರು ಅದನ್ನೇ ನುಂಗುತ್ತಿದ್ದರು. ಅಂದರೆ ಅಡ್ಡಪರಿಣಾಮಕ್ಕೆ ಹೆದರಿದ ಸರ್ಕಾರ, ಅದು ಜಾಸ್ತಿ ಇರುವ ಮಾತ್ರೆಯನ್ನೇ ಉಳಿಸಿಕೊಂಡಿತ್ತು.

1999ರ ಜನವರಿಯಲ್ಲಿ ಗಂಡಸರ ಲೈಂಗಿಕ ದೌರ್ಬಲ್ಯದ ಮಾತ್ರೆ ವಯಾಗ್ರಾಗೆ ಒಪ್ಪಿಗೆ ಸಿಕ್ಕಿತು. ಅರ್ಜಿ ಹಾಕಿ ಸುಮಾರು ಆರೇ ತಿಂಗಳಾಗಿತ್ತು. ಕಡಿಮೆ ಹಾರ್ಮೋನಿನ ಮಾತ್ರೆಯ ಅರ್ಜಿ ಒಂಬತ್ತು ವರ್ಷದಿಂದ ಕಾಯುತ್ತಿತ್ತು. ಹೆಂಗಸರು ರೇಗಿದರು. ಜೂನ್‌ನಲ್ಲಿ ಅದಕ್ಕೂ ಒಪ್ಪಿಗೆ ಬಂತು. ಕಾಕತಾಳೀಯ ಅನ್ನುವವರು ಅನ್ನಲಿ, ನಾನಂತೂ ನಂಬುವುದಿಲ್ಲ.

ಒಪ್ಪಿಗೆ ಸಿಕ್ಕ ಮೇಲೂ ಮಾತ್ರೆ ತೆಗೆದುಕೊಳ್ಳುವವರು ನೂರಕ್ಕೆ ಮೂರರ ಆಸುಪಾಸು. ವರ್ಷಗಟ್ಟಲೆ ಹೆದರಿಸಿದರೆ ಹೆದರಿಕೆ ಉಳಿಯುತ್ತದೆ. ಗರ್ಭ ತಡೆಯಲು ತೆಗೆದುಕೊಂಡರೆ ವಿಮೆಯ ಹಣ ಬರುವುದಿಲ್ಲ, ವೈದ್ಯರ ಚೀಟಿಯೂ ಬೇಕು. ಹಾಗಾಗಿ ಇಂದಿಗೂ ಕಾಂಡೋಮೇ ಮುಂದೆ. ಹಾಕಿಕೊಳ್ಳುವುದು, ಬಿಡುವುದು ಗಂಡಸಿನ ಮರ್ಜಿ. ಮದುವೆಯಾದವಳ ಗರ್ಭಪಾತಕ್ಕೂ ಸಾಮಾನ್ಯವಾಗಿ ಗಂಡನ ಒಪ್ಪಿಗೆ ಬೇಕೆಂದು ಕಾನೂನೇ ಹೇಳುತ್ತದೆ.

ಕೂಡಿದ ಮೇಲೆ ಗರ್ಭ ತಡೆಯಲು ನುಂಗುವ ತುರ್ತು ಮಾತ್ರೆಯದ್ದೂ ಇದೇ ಕಥೆ. 2011ರಲ್ಲಿ ಬಂದರೂ ವೈದ್ಯರ ಚೀಟಿ ಬೇಕಿತ್ತು. 2023ರ ನವೆಂಬರ್‌ನಲ್ಲಿ 145 ಔಷಧಿ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಮಾರಿ ನೋಡಿದರು. ಬೆಲೆ 7ರಿಂದ 9 ಸಾವಿರ ಯೆನ್. 16, 17ರ ಹುಡುಗಿಯರ ಜೊತೆ ಅಪ್ಪನೋ ಅಮ್ಮನೋ ಬರಬೇಕಿತ್ತು. ಯಾವ ಮಗಳು ಕರೆದುಕೊಂಡು ಹೋಗುತ್ತಾಳೆ, ಹೇಳಿ? 2025ರ ಅಕ್ಟೋಬರ್‌ನಲ್ಲಿ ಚೀಟಿಯಿಲ್ಲದ ಮಾರಾಟಕ್ಕೆ ಪೂರ್ತಿ ಒಪ್ಪಿಗೆ ಸಿಕ್ಕಿತು. ವಯಸ್ಸಿನ ಮಿತಿ ಹೋಯಿತು. ಆದರೆ ಮಾತ್ರೆಯನ್ನು ಅಂಗಡಿಯವರ ಎದುರೇ ನುಂಗಬೇಕು.

ಇನ್ನು ಮಕ್ಕಳ ಸಂಖ್ಯೆ. ಮಾತ್ರೆ ಬರುವುದಕ್ಕೆ ಹತ್ತು ವರ್ಷ ಮುಂಚೆ, 1989ರಲ್ಲೇ, ಅಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.57 ಮಕ್ಕಳಷ್ಟೇ ಆಗುತ್ತಿದ್ದರು. ಈ ಆರೋಪವನ್ನು ಮಾತ್ರೆಯ ಮೇಲೆ ಹೊರಿಸಲು ಬರುವುದಿಲ್ಲ.

— ಸಂಪಾದಕ