ಹಳೆಯ ಪ್ಲಾಸ್ಟಿಕ್ ಸಿಪಾಯಿಗೆ ಹೊಸ ವೇಷ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಆಟಿಕೆಗಳನ್ನು ಕುರಿತು ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು 1960 ಮತ್ತು 70ರ ದಶಕಗಳಲ್ಲಿ ಇಂಗ್ಲೆಂಡಿನಲ್ಲೂ ಹಾಂಗ್‌ಕಾಂಗ್‌ನಲ್ಲೂ ತಯಾರಾದ ಅಗ್ಗದ ಪ್ಲಾಸ್ಟಿಕ್ ಸಿಪಾಯಿಗಳಿಗೆ ಸಂಬಂಧಿಸಿದವು. ಆದ್ದರಿಂದ ಈ ಸಲ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ದೊಡ್ಡಪ್ಪನವರು 1970ರ ದಶಕದಲ್ಲಿ ಲಂಡನ್ನಿನಿಂದ ತಂದಿದ್ದ ಏರ್‌ಫಿಕ್ಸ್ ಸಿಪಾಯಿಗಳ ಎರಡು ಪೆಟ್ಟಿಗೆಗಳು ಅಟ್ಟದ ಮೇಲೆ ಸಿಕ್ಕಿವೆ. ಒಂದರಲ್ಲಿ ಎತ್ತರದ ಕರಿ ಟೋಪಿಯ ವಾದ್ಯದವರಿದ್ದಾರೆ. ದಸರಾ ಗೊಂಬೆಗಳ ಸಾಲಿನಲ್ಲಿ ಜಂಬೂಸವಾರಿಯ ಮುಂದೆ ನಿಲ್ಲಿಸೋಣವೆಂದು ಬಣ್ಣ ಹಚ್ಚಿದರೆ ಎರಡೇ ದಿನಕ್ಕೆ ಸಿಪ್ಪೆಯಂತೆ ಎದ್ದು ಬರುತ್ತಿದೆ. ಯಾವ ಬಣ್ಣ ಬಳಸಬೇಕು?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ತಪ್ಪು ಬಣ್ಣದ್ದಲ್ಲ, ಬೊಂಬೆಯ ಮೈಯದು. ಏರ್‌ಫಿಕ್ಸ್ ಕಂಪನಿ ತನ್ನ ವಿಮಾನ, ಹಡಗುಗಳ ಜೋಡಣೆ ಕಿಟ್‌ಗಳನ್ನು ಪಾಲಿಸ್ಟೈರೀನ್ ಎಂಬ ಗಡಸು ಪ್ಲಾಸ್ಟಿಕ್‌ನಲ್ಲಿ ಮಾಡುತ್ತಿತ್ತು. ಆದರೆ 1959ರಿಂದ ಮಾರಲಾರಂಭಿಸಿದ ಈ ಪುಟ್ಟ ಸಿಪಾಯಿಗಳನ್ನು, ಬಾಗಿದರೂ ಮುರಿಯದ ಮೆತ್ತನೆಯ ಪಾಲಿಥಿನ್‌ನಲ್ಲಿ ಅಚ್ಚು ಹಾಕಿತು. ನಿಮ್ಮ ಬಳಿಯಿರುವ ವಾದ್ಯದವರು ಆ ಮೊದಲ ವರ್ಷದ ಗಾರ್ಡ್ಸ್ ಬ್ಯಾಂಡ್ ಎಂಬ ಪೆಟ್ಟಿಗೆಯ ವಂಶಸ್ಥರು. ಪಾಲಿಥಿನ್ 1933ರಲ್ಲಿ ಇಂಗ್ಲೆಂಡಿನ ಚೆಷೈರ್‌ನಲ್ಲಿದ್ದ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಆಕಸ್ಮಿಕವಾಗಿ ದೊರೆತ ವಸ್ತು. ವಿದ್ಯುತ್ತನ್ನು ಚೆನ್ನಾಗಿ ತಡೆಯುವುದರಿಂದ ಅದು ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ಕೇಬಲ್‌ಗಳ ಹೊದಿಕೆಯಾಯಿತು. ನೀರನ್ನು ಹೀರುವುದಿಲ್ಲ, ಸಾಮಾನ್ಯ ದ್ರಾವಕಗಳಿಗೆ ಕರಗುವುದಿಲ್ಲ ಎಂಬ ಅದರ ಗುಣಗಳು ಇಂದು ನಿಮಗೆ ತೊಂದರೆ ಕೊಡುತ್ತಿವೆ. ಮೇಣದಂತಿರುವ ಅದರ ಮೈಗೆ ಬಣ್ಣವಾಗಲಿ ಅಂಟಾಗಲಿ ಕಚ್ಚುವುದಿಲ್ಲ. ಮೇಲಾಗಿ ಬೊಂಬೆ ಬಳುಕುತ್ತದೆ, ಒಣಗಿದ ಎನಾಮೆಲ್ ಬಣ್ಣ ಬಳುಕುವುದಿಲ್ಲ.

ನಿಮ್ಮ ಬೊಂಬೆ ಪಾಲಿಥಿನ್ ಹೌದೋ ಅಲ್ಲವೋ ಎಂಬುದನ್ನು ತಿಳಿಯಲು ಅದನ್ನು ಒಂದು ಲೋಟ ನೀರಿನಲ್ಲಿ ಮುಳುಗಿಸಿ, ಅಂಟಿದ ಗಾಳಿಗುಳ್ಳೆಗಳನ್ನು ಬೆರಳಿನಿಂದ ಒರೆಸಿ, ಕೈ ಬಿಡಿ. ಪಾಲಿಥಿನ್ ನೀರಿಗಿಂತ ಹಗುರ, ಆದ್ದರಿಂದ ತೇಲುತ್ತದೆ. ಪಾಲಿಸ್ಟೈರೀನ್ ಮತ್ತು ಪಿವಿಸಿ ಮುಳುಗುತ್ತವೆ. ತೇಲಿದರೆ ಒಂದು ಮಾತನ್ನು ನೆನಪಿನಲ್ಲಿಡಿ, ಏಕೆಂದರೆ ಮುಂದಿನ ಉತ್ತರಗಳಿಗೂ ಅದೇ ಆಧಾರ: ಪಾಲಿಥಿನ್‌ಗೆ ಯಾವುದೂ ಅಂಟುವುದಿಲ್ಲ, ಅದನ್ನು ಸುತ್ತಿ ಹಿಡಿದದ್ದು ಮಾತ್ರ ಉಳಿಯುತ್ತದೆ.

ಮೊದಲು ಪಾತ್ರೆ ತೊಳೆಯುವ ಸೋಪಿನ ದ್ರವ ಬೆರೆಸಿದ ಬೆಚ್ಚಗಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬೊಂಬೆಗಳನ್ನು ಉಜ್ಜಿ ಒಣಗಿಸಿ. ಹಲವು ವರ್ಷಗಳ ಧೂಳು ಮತ್ತು ಕೈಜಿಡ್ಡಿನ ಜೊತೆಗೆ ಅಚ್ಚಿನಿಂದ ಬಂದ ಜಿಡ್ಡೂ ಹೋಗಬೇಕು. ಅಚ್ಚಿನ ಎರಡು ಭಾಗಗಳು ಕೂಡಿದಲ್ಲಿ ಉಳಿದಿರುವ ಏಣುಗೆರೆಯನ್ನು ಹೊಸ ಬ್ಲೇಡಿನಿಂದ ಹೆರೆದು ತೆಗೆಯಿರಿ. ಅರವನ್ನೂ ಮರಳು ಕಾಗದವನ್ನೂ ಮುಟ್ಟಬೇಡಿ, ಪಾಲಿಥಿನ್ ಅದರಿಂದ ನುಣುಪಾಗುವುದಿಲ್ಲ, ನೂಲು ನೂಲಾಗಿ ಎದ್ದು ನಿಲ್ಲುತ್ತದೆ. ಬಳಿಕ ಬೊಂಬೆಯ ಪಾದಪೀಠವನ್ನು ದಪ್ಪ ರಟ್ಟಿನ ತುಂಡಿಗೆ ಭದ್ರಪಡಿಸಿ, ಬಿಳಿಯ ಫೆವಿಕಾಲನ್ನು ನೀರಿನಲ್ಲಿ ಹಾಲಿನಷ್ಟು ತೆಳ್ಳಗೆ ಮಾಡಿಕೊಂಡು ಇಡೀ ಬೊಂಬೆಗೆ, ಅಂಗಾಲಿನಿಂದ ಟೋಪಿಯ ತುದಿಯವರೆಗೆ ಎಲ್ಲಿಯೂ ಬಿಡದೆ ಬಳಿಯಿರಿ. ಅದು ಒಣಗುತ್ತಾ ಕುಗ್ಗಿ, ಕಾಲುಚೀಲದ ಹಾಗೆ ಬೊಂಬೆಯನ್ನು ಬಿಗಿದಪ್ಪಿಕೊಳ್ಳುತ್ತದೆ. ಅದರ ಮೇಲೆ ಅಕ್ರಿಲಿಕ್ ಬಣ್ಣ, ಬಣ್ಣದ ಮೇಲೆ ಅಕ್ರಿಲಿಕ್ ವಾರ್ನಿಷ್ ಹಚ್ಚಿ. ಕಾರಿನ ಬಂಪರ್‌ಗಳಿಗೆ ಬಳಿಯುವ ಪ್ಲಾಸ್ಟಿಕ್ ಪ್ರೈಮರ್ ಸಿಕ್ಕರೆ ಅದನ್ನೂ ಬಳಸಬಹುದು, ಆದರೆ ಕಿಟಕಿ ತೆರೆದಿರಲಿ. ನಾನು ಹೈಸ್ಕೂಲಿನಲ್ಲಿದ್ದಾಗ ಈ ವಿಷಯ ತಿಳಿಯದೆ ಒಂದು ಬೇಸಿಗೆ ರಜೆಯಲ್ಲಿ ಇಡೀ ಪಡೆಗೆ ನೇರವಾಗಿ ಎನಾಮೆಲ್ ಬಳಿದಿದ್ದೆ. ಪೆಟ್ಟಿಗೆಯ ಮುಚ್ಚಳ ತೆಗೆದಾಗ ತಳದಲ್ಲಿ ಕೆಂಪು ಪುಡಿಯ ರಾಶಿಯಿತ್ತು, ಸಿಪಾಯಿಗಳು ಬೋಳಾಗಿದ್ದರು.

ವಾದ್ಯದವರ ಕರಡಿಕೂದಲ ಟೋಪಿಯನ್ನು ಜಂಬೂಸವಾರಿಗೆ ಹಾಗೆಯೇ ಕಳುಹಿಸಬೇಡಿ. ಟೋಪಿಯ ಮೇಲಿನ ಅರ್ಧವನ್ನು ಅಡ್ಡಲಾಗಿ ಕತ್ತರಿಸಿ, ಉಳಿದುದನ್ನು ದುಂಡಗೆ ಹೆರೆದು, ಅದರ ಸುತ್ತ ಎಪಾಕ್ಸಿ ಪುಟ್ಟಿಯ (ಎರಡು ಭಾಗಗಳನ್ನು ಬೆರೆಸಿ ನಾದಿದರೆ ಗಟ್ಟಿಯಾಗುವ ಕಣಕದಂಥ ವಸ್ತು) ಎಳೆಯನ್ನು ಸುತ್ತಿದರೆ ಪೇಟ ಸಿದ್ಧವಾಗುತ್ತದೆ. ಅದರ ವಿವರ ಮುಂದೆ, ಭರ್ಜಿ ಹಿಡಿದ ಕುದುರೆ ಸವಾರರಾದ ಲ್ಯಾನ್ಸರ್‌ಗಳ ಪ್ರಶ್ನೆಯಲ್ಲಿ ಬರುತ್ತದೆ.

ಪ್ರಶ್ನೆ: ಇಲ್ಲಿನ ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ ಮಗನೂ ನಾನೂ ಒಂದು ಚೀಲ ಸಿಪಾಯಿಗಳನ್ನು ಕೊಂಡೆವು. ಎರಡು ಅಂಗುಲದಷ್ಟು ಎತ್ತರವಿದ್ದು, ತಳದಲ್ಲಿ ಹಾಂಗ್‌ಕಾಂಗ್ ಎಂದು ಬರೆದಿದೆ. ಎಲ್ಲರ ನಿಲುವೂ ಒಂದೇ, ಮುಖಗಳು ಸವೆದ ನಾಣ್ಯದ ಹಾಗಿವೆ. ಇವುಗಳಿಂದ ಏನಾದರೂ ಮಾಡಬಹುದೇ?
– ಓದುಗರು, ಲೆಸ್ಟರ್, ಇಂಗ್ಲೆಂಡ್

ಉತ್ತರ: ಕಲಿಯುವುದಕ್ಕೆ ಇವುಗಳಿಗಿಂತ ಒಳ್ಳೆಯ ಬೊಂಬೆಗಳಿಲ್ಲ, ಏಕೆಂದರೆ ಹಾಳಾದರೂ ದುಃಖವಿಲ್ಲ. ಅವುಗಳ ಅಳತೆಗೆ ಮಾತ್ರ ದೊಡ್ಡ ಮನೆತನದ ನಂಟಿದೆ: ಲಂಡನ್ನಿನ ಬ್ರಿಟನ್ಸ್ ಕಂಪನಿ 1893ರಿಂದ ಒಳಗೆ ಟೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ಯುತ್ತಾ ರೂಢಿಗೆ ತಂದ 54 ಮಿಲಿಮೀಟರ್ ಎತ್ತರವನ್ನೇ ಮುಂದೆ ಪ್ಲಾಸ್ಟಿಕ್ ತಯಾರಕರು ಅನುಸರಿಸಿದರು. ಅಚ್ಚಿನಿಂದ ಅಚ್ಚಿಗೆ ನಕಲಾಗುತ್ತಾ ಹೋದಂತೆ ಮೂಗು, ಗುಂಡಿ, ಬೆರಳುಗಳು ಕರಗಿಹೋದವು. ನಿಮ್ಮ ಚೀಲದಲ್ಲಿರುವುದು ಬಹುಶಃ ಅಂತಹ ನಕಲಿನ ನಕಲು.

ನಿಲುವು ಬದಲಿಸುವುದು ಸುಲಭ. ಆಗಷ್ಟೇ ಕುದಿದ ನೀರಿನಲ್ಲಿ ಬೊಂಬೆಯನ್ನು ಒಂದು ನಿಮಿಷ ಮುಳುಗಿಸಿ, ಇಕ್ಕಳದಿಂದ ಎತ್ತಿ, ಬಟ್ಟೆಯಲ್ಲಿ ಹಿಡಿದು ತೋಳನ್ನೋ ಸೊಂಟವನ್ನೋ ಬಾಗಿಸಿ, ಹಾಗೆಯೇ ಹಿಡಿದುಕೊಂಡು ತಣ್ಣೀರಿಗೆ ಅದ್ದಿ. ಪಾಲಿಥಿನ್‌ಗೆ ತನ್ನ ಮೊದಲಿನ ಆಕಾರದ ನೆನಪಿರುತ್ತದೆ, ಬಿಟ್ಟೊಡನೆ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಅದಕ್ಕೆ ಬೇಕಾದುದಕ್ಕಿಂತ ತುಸು ಹೆಚ್ಚೇ ಬಾಗಿಸಬೇಕು. ಬಿಸಿನೀರಿನ ಕೆಲಸ ನಿಮ್ಮದಿರಲಿ, ತಣ್ಣೀರಿನದು ಮಗನದಿರಲಿ.

ಆದರೂ ನನ್ನ ಸಲಹೆ ಕೇಳಿದರೆ, ಕೈಕಾಲುಗಳಿಗಿಂತ ಮೊದಲು ತಲೆಯನ್ನು ನೋಡಿ. ಸಿಪಾಯಿ ಎದುರಿಗಿದ್ದಾಗ ನಮ್ಮ ಕಣ್ಣು ಮೊದಲು ಹೋಗುವುದು ಮುಖಕ್ಕೆ. ಒಂದೇ ಅಚ್ಚಿನ ಹತ್ತು ಜನರಲ್ಲಿ ಒಬ್ಬನ ತಲೆ ಎಡಕ್ಕೂ ಇನ್ನೊಬ್ಬನದು ಬಲಕ್ಕೂ ತಿರುಗಿದ್ದರೆ ಅವರು ಒಂದೇ ಅಚ್ಚಿನವರೆಂಬುದೇ ಮರೆತುಹೋಗುತ್ತದೆ. ಕತ್ತಿನ ಪಟ್ಟಿಯ ಮಟ್ಟದಲ್ಲಿ ಹೊಸ ಬ್ಲೇಡಿನಿಂದ ಒಂದೇ ಎಳೆತಕ್ಕೆ ತಲೆಯನ್ನು ಕತ್ತರಿಸಿ, ತಲೆಯ ತಳದಲ್ಲೂ ಕತ್ತಿನಲ್ಲೂ ಕೈ ಡ್ರಿಲ್ಲಿನಿಂದ ಸಣ್ಣ ರಂಧ್ರ ಮಾಡಿ, ಹಿತ್ತಾಳೆಯ ತಂತಿಯ ತುಂಡನ್ನು ಇಳಿಸಿ, ಬೇಕಾದ ಕಡೆಗೆ ತಿರುಗಿಸಿ ಕೂಡಿಸಿ. ಡ್ರಿಲ್ ಇಲ್ಲದಿದ್ದರೆ ಇಕ್ಕಳದಲ್ಲಿ ಹಿಡಿದು ಕಾಯಿಸಿದ ಗುಂಡುಸೂಜಿಯೂ ಆಗುತ್ತದೆ, ಆದರೆ ತೇಲುವ ಪರೀಕ್ಷೆಯಲ್ಲಿ ಮುಳುಗಿದ ಬೊಂಬೆಗೆ ಕಾದ ಸೂಜಿ ತಾಗಿಸಬೇಡಿ, ಪಿವಿಸಿ ಸುಟ್ಟರೆ ಬರುವ ಹೊಗೆ ಕೆಟ್ಟದ್ದು. ಬರಿಯ ಫೆವಿಕ್ವಿಕ್ ಬಗೆಯ ಅಂಟನ್ನು ನಂಬಿದರೆ ಮೊದಲ ಸಲ ಕೆಳಗೆ ಬಿದ್ದಾಗಲೇ ತಲೆ ಉರುಳುತ್ತದೆ. ಇಲ್ಲಿ ಹಿಡಿದಿಡುವುದು ತಂತಿ, ಅಂಟು ಹೆಸರಿಗೆ ಮಾತ್ರ. ಪಾಲಿಥಿನ್‌ಗೆಂದೇ ಪ್ರೈಮರ್ ಪೆನ್ನಿನೊಡನೆ ಬರುವ ಅಂಟು ನಿಮ್ಮ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕರೆ ತಂತಿಯ ಜೊತೆಗೆ ಅದನ್ನು ಬಳಸಿ.

ಪ್ರಶ್ನೆ: ಕೆಲವು ಬೊಂಬೆಗಳ ಬಂದೂಕು ಮತ್ತು ಕಣಕಾಲುಗಳು ಮುಟ್ಟಿದರೆ ಸಾಕು, ಹಪ್ಪಳದ ಹಾಗೆ ಮುರಿಯುತ್ತವೆ. ಎಣ್ಣೆ ಸವರಿದರೆ ಮೆತ್ತಗಾಗುತ್ತವೆಯೇ?
– ಓದುಗರು, ಧಾರವಾಡ

ಉತ್ತರ: ಆಗುವುದಿಲ್ಲ. ಬೆಳಕು, ಶಾಖ ಮತ್ತು ಗಾಳಿಯಲ್ಲಿನ ಆಮ್ಲಜನಕಕ್ಕೆ ದಶಕಗಳ ಕಾಲ ಒಡ್ಡಿಕೊಂಡ ಪಾಲಿಥಿನ್‌ನ ಉದ್ದನೆಯ ಅಣುಸರಪಳಿಗಳು ತುಂಡಾಗುತ್ತವೆ, ತುಂಡಾದುದನ್ನು ಎಣ್ಣೆ ಮರಳಿ ಜೋಡಿಸಲಾರದು. ಕೆಲಸಕ್ಕೆ ತೊಡಗುವ ಮೊದಲು ಪ್ರತಿ ಬೊಂಬೆಯ ಬಂದೂಕಿನ ತುದಿಯನ್ನು ಸ್ವಲ್ಪವೇ ಬಾಗಿಸಿ ನೋಡಿ. ಬಳುಕಿದರೆ ಮುಂದುವರಿಯಿರಿ, ಚಿಟಕ್ಕೆಂದರೆ ಅದಕ್ಕೆ ಬಿಸಿನೀರೂ ಬೇಡ, ಬ್ಲೇಡೂ ಬೇಡ. ಅದನ್ನು ಪೀಠಕ್ಕೆ ಕೂಡಿಸಿ, ತೆಳುವಾದ ಫೆವಿಕಾಲನ್ನು ಮೂರು ನಾಲ್ಕು ಸಲ ಬಳಿದು, ಬಿಸಿಲು ಬೀಳದ ಕಪಾಟಿನಲ್ಲಿ ನಿಲ್ಲಿಸಿಬಿಡಿ.

ಪ್ರಶ್ನೆ: ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್‌ಗಳ ಬೊಂಬೆಗಳು ಅಂಗಡಿಯಲ್ಲಿ ಸಿಗುತ್ತಿಲ್ಲ. ನನ್ನ ಬಳಿ ಏರ್‌ಫಿಕ್ಸ್‌ನ ಮೊದಲ ಮಹಾಯುದ್ಧದ ಕುದುರೆ ಫಿರಂಗಿದಳದ ಪೆಟ್ಟಿಗೆಯಿದೆ, ಕೆಲವು 54 ಮಿಲಿಮೀಟರ್ ಸಿಪಾಯಿಗಳೂ ಇದ್ದಾರೆ. ಅವರನ್ನು ಮೈಸೂರಿನವರನ್ನಾಗಿ ಮಾಡಬಹುದೇ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಈ ತಿಂಗಳು ಬಂದ ಪತ್ರಗಳಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಇದು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್‌ಗಳು ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ತುರ್ಕರಿಂದ ವಶಪಡಿಸಿಕೊಂಡರು. ಆದರೂ ಲಕ್ಷಾಂತರ ಬ್ರಿಟಿಷ್, ಜರ್ಮನ್, ಅಮೆರಿಕನ್ ಸಿಪಾಯಿಗಳನ್ನು ಅಚ್ಚು ಹಾಕಿದ ಆ ಕಾಲದ ಪ್ಲಾಸ್ಟಿಕ್ ತಯಾರಕರ ಪೆಟ್ಟಿಗೆಗಳಲ್ಲಿ ನಮ್ಮ ಸವಾರರನ್ನು ನಾನು ಕಂಡಿಲ್ಲ. ಹಾಗಾಗಿ ನಾವೇ ಮಾಡಿಕೊಳ್ಳಬೇಕು.

ನೀವು ಆರಿಸಿರುವ ಪೆಟ್ಟಿಗೆ ಸರಿಯಾದದ್ದೇ. ಫಿರಂಗಿ ಎಳೆಯುವ ಕುದುರೆಗಳ ಮೇಲೆ ಕೂತಿರುವ ಸವಾರರು ಅದೇ ಯುದ್ಧದ ಖಾಕಿ ಉಡುಪಿನಲ್ಲಿರುವುದರಿಂದ ಕತ್ತಿನ ಕೆಳಗೆ ಹೆಚ್ಚು ಕೆಲಸವಿಲ್ಲ. ಕುದುರೆಗಳ ಮೈಮೇಲಿರುವ ಬಂಡಿ ಎಳೆಯುವ ಪಟ್ಟಿಗಳನ್ನು ಹೆರೆದು ತೆಗೆದು, ತಡಿ ಮತ್ತು ಲಗಾಮುಗಳನ್ನಷ್ಟೇ ಉಳಿಸಿ. ಸವಾರನ ಟೋಪಿಯ ಅಂಚನ್ನೂ ಮೇಲ್ಭಾಗವನ್ನೂ ಕತ್ತರಿಸಿ ತಲೆಯನ್ನು ಮೊಟ್ಟೆಯಂತೆ ದುಂಡಗೆ ಮಾಡಿಕೊಳ್ಳಿ. ಇನ್ನು ರುಮಾಲು. ಎಪಾಕ್ಸಿ ಪುಟ್ಟಿಯೂ ಪಾಲಿಥಿನ್‌ಗೆ ಅಂಟುವುದಿಲ್ಲವೆಂಬುದು ನಿಜ, ಆದರೆ ರುಮಾಲಿಗೆ ಅಂಟುವ ಅಗತ್ಯವೇ ಇಲ್ಲ. ತಲೆಯ ಸುತ್ತ ಬಳೆಯಂತೆ ಮುಚ್ಚಿಕೊಂಡು ಗಟ್ಟಿಯಾದರೆ ಕಿತ್ತರೂ ಬರುವುದಿಲ್ಲ. ಹೀಗಾಗಿ ಪಾಲಿಥಿನ್ ಸಿಪಾಯಿಗೆ ಹೇಳಿ ಮಾಡಿಸಿದ ವೇಷಾಂತರವೆಂದರೆ ಭಾರತೀಯ ವೇಷವೇ: ರುಮಾಲು, ಸೊಂಟಪಟ್ಟಿ, ಹೆಗಲಿಂದ ಅಡ್ಡಲಾಗಿ ಸುತ್ತಿದ ಕಂಬಳಿ, ಮೊಣಕಾಲವರೆಗೆ ಬಿಗಿದ ಬಟ್ಟೆಪಟ್ಟಿ, ಎಲ್ಲವೂ ಸುತ್ತಿಕೊಳ್ಳುವಂಥವು.

ನಲ್ಲಿ ಸೋರಿಕೆ ನಿಲ್ಲಿಸಲು ಬಳಸುವ ಎಂ-ಸೀಲ್ 54 ಮಿಲಿಮೀಟರ್ ಬೊಂಬೆಗೆ ಸಾಕು. ಏರ್‌ಫಿಕ್ಸ್‌ನ ಪುಟ್ಟ ತಲೆಗಳಿಗೆ ಅದು ಒರಟು, ಬೇಗ ಗಟ್ಟಿಯಾಗಿಬಿಡುತ್ತದೆ ಕೂಡ, ಆದ್ದರಿಂದ ಮಾದರಿ ತಯಾರಕರಿಗೆಂದೇ ಬರುವ ಮಿಲಿಪುಟ್‌ನಂತಹ ನಯವಾದ ಪುಟ್ಟಿಯನ್ನು ತರಿಸಿಕೊಳ್ಳುವುದು ಮೇಲು. ಎರಡು ಭಾಗಗಳನ್ನು ಸಮನಾಗಿ ನಾದಿ, ಒದ್ದೆ ಬೆರಳಿನಿಂದ ಗಾಜಿನ ಮೇಲೆ ಶಾವಿಗೆಯಂತೆ ಹೊಸೆದು, ಹಣೆಯಿಂದ ಆರಂಭಿಸಿ ಓರೆಯಾಗಿ ಎರಡು ಮೂರು ಸುತ್ತು ಹಾಕಿ. ಒದ್ದೆ ಮಾಡಿದ ಸೂಜಿಯಿಂದ ಮಡಿಕೆಗಳನ್ನು ಒತ್ತಿ. ಹಿಂದೆ ಇಳಿಬೀಳುವ ಸೆರಗಿಗೆ ಪುಟ್ಟಿಗಿಂತ ಫೆವಿಕಾಲಿನಲ್ಲಿ ನೆನೆಸಿದ ಟಿಶ್ಯೂ ಕಾಗದ ಚೆನ್ನಾಗಿರುತ್ತದೆ, ಬಟ್ಟೆಯ ಹಾಗೆಯೇ ಜೋಲುತ್ತದೆ. ಸವಾರನ ಪಟ್ಟಿಗಳಿಗೆ ಹಿಂದಿನವರು ಲೋಹದ ಟೂತ್‌ಪೇಸ್ಟ್ ಕೊಳವೆಯನ್ನು ಬಿಚ್ಚಿ ಕತ್ತರಿಸುತ್ತಿದ್ದರು. ಈಗ ಮಾತ್ರೆಗಳ ಪಟ್ಟಿಯ ಹಿಂಬದಿಯ ತಗಡುಹಾಳೆ ಆ ಕೆಲಸ ಮಾಡುತ್ತದೆ.

ಭರ್ಜಿಯಲ್ಲಿ ಅಳತೆ ತಪ್ಪಿದರೆ ಎಲ್ಲ ಕೆಲಸವೂ ಹಾಳು. ಭಾರತೀಯ ಸವಾರರ ಬಿದಿರಿನ ಭರ್ಜಿ ಸುಮಾರು 9 ಅಡಿ ಉದ್ದವಿರುತ್ತಿತ್ತು, ಎಂದರೆ ಏರ್‌ಫಿಕ್ಸ್ ಅಳತೆಗೆ (ನಿಜ ಗಾತ್ರದ 72ರಲ್ಲಿ ಒಂದು ಪಾಲು) 38 ಮಿಲಿಮೀಟರ್, 54 ಮಿಲಿಮೀಟರ್ ಬೊಂಬೆಗೆ 86 ಮಿಲಿಮೀಟರ್. ಹೊಸಬರು ಇದನ್ನು ಯಾವಾಗಲೂ ಗಿಡ್ಡ ಮಾಡುತ್ತಾರೆ. ಚಿಕ್ಕ ಬೊಂಬೆಗೆ ಗಿಟಾರಿನ ತೆಳುವಾದ ಉಕ್ಕಿನ ತಂತಿ ಸರಿ. ದೊಡ್ಡದಕ್ಕೆ ಊದುಬತ್ತಿಯ ಕಡ್ಡಿಯನ್ನು ಸ್ವಲ್ಪ ಉಜ್ಜಿ ತೆಳ್ಳಗೆ ಮಾಡಿ. ಅದೂ ಬಿದಿರೇ, ಮೈಸೂರಿನದೇ ಆಗಿದ್ದರೆ ಇನ್ನೂ ಸೊಗಸು. ಬೊಂಬೆಯ ಮುಷ್ಟಿಯ ಮೂಲಕ ರಂಧ್ರ ಕೊರೆದು ಭರ್ಜಿಯನ್ನು ತೂರಿಸಿ, ಮುಷ್ಟಿಯ ಮೇಲೆ ಅಂಟಿಸಲು ಹೋಗಬೇಡಿ.

ನೋಡಿ ಮಾಡಲು ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಪ್ರತಿಮೆಗಳ ಛಾಯಾಚಿತ್ರಗಳನ್ನು ತೆಗೆದಿಟ್ಟುಕೊಳ್ಳಿ. ಹೈದರಾಬಾದ್, ಜೋಧಪುರ ಮತ್ತು ಮೈಸೂರಿನ ಲ್ಯಾನ್ಸರ್‌ಗಳನ್ನು ಪ್ರತಿನಿಧಿಸುವ ಅವು ನೆಲದ ಮೇಲೆ ನಿಂತಿರುವ ಭಂಗಿಯಲ್ಲಿರುವುದರಿಂದ ನಿಮ್ಮ 54 ಮಿಲಿಮೀಟರ್ ಕಾಲಾಳುಗಳಿಗೆ ನೇರ ಮಾದರಿಯಾಗುತ್ತವೆ. ನಿಮ್ಮ ಊರಿನ ಜೆ.ಸಿ. ನಗರದಲ್ಲಿಯೇ ಮೈಸೂರು ಲ್ಯಾನ್ಸರ್‌ಗಳ ಸ್ಮಾರಕಸ್ತಂಭವಿದೆ. ಒಂದು ಬೆಳಿಗ್ಗೆ ಹೋಗಿ ನೋಡಿ ಬನ್ನಿ. ಖಾಕಿಯನ್ನು ಒಂದೇ ಬಣ್ಣದಲ್ಲಿ ಮುಗಿಸದೆ, ಒಣಗಿದ ಮೇಲೆ ನೀರು ನೀರಾದ ಕಂದು ಬಣ್ಣವನ್ನು ಹರಿಯಬಿಟ್ಟರೆ ಅದು ಮಡಿಕೆಗಳಲ್ಲಿ ನಿಂತು, ನಿಮ್ಮ ಸೂಜಿಯ ಕೆಲಸವನ್ನು ಎತ್ತಿ ತೋರಿಸುತ್ತದೆ.

ಪ್ರಶ್ನೆ: ಹಳೆಯ ಸಿಪಾಯಿಗಳನ್ನು ಕತ್ತರಿಸಿದರೆ ಅವುಗಳ ಬೆಲೆ ಹೋಗುವುದಿಲ್ಲವೇ? ನನ್ನ ಬಳಿ ಕೆಲವು ಭಾರವಾದ ಲೋಹದ ಸಿಪಾಯಿಗಳೂ ಇವೆ.
– ಓದುಗರು, ಮಂಗಳೂರು

ಉತ್ತರ: ಪೆಟ್ಟಿಗೆಯೂ ಇದ್ದು, ಎಲ್ಲ ಸಿಪಾಯಿಗಳೂ ಅಚ್ಚಿನಿಂದ ಅವರೊಡನೆ ಅಂಟಿಕೊಂಡು ಬಂದ ಕಡ್ಡಿಯಿಂದ ಬಿಡಿಸದ ಸ್ಥಿತಿಯಲ್ಲಿದ್ದರೆ ಬ್ಲೇಡನ್ನು ಕೆಳಗಿಡಿ, ಅಂತಹವನ್ನು ಹುಡುಕುವ ಸಂಗ್ರಾಹಕರಿದ್ದಾರೆ. ಬಿಡಿಯಾಗಿ, ಬಣ್ಣ ಬಳಿದು, ಅರ್ಧ ಮುರಿದು ಉಳಿದಿರುವವುಗಳ ಬಗ್ಗೆ ಚಿಂತೆ ಬೇಡ. ಭಾರವಾದವು ಸೀಸದವಾಗಿರಬಹುದು, ಬ್ರಿಟನ್ಸ್ ಕಂಪನಿ ಟೊಳ್ಳು ಸೀಸದ ಬೊಂಬೆಗಳನ್ನು ನಿಲ್ಲಿಸಿದ್ದೇ 1966ರಲ್ಲಿ. ಅವನ್ನು ಹೆರೆಯುವುದಾಗಲಿ ಉಜ್ಜುವುದಾಗಲಿ ಬೇಡ, ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ.